ತಲಪರಿಗೆಯಿಂದ ಕೊಳವೆಬಾವಿಯವರೆಗೆ: ನಮ್ಮ ನಾಲ್ಕು ತಾಲ್ಲೂಕುಗಳ ನೀರಿನ ಚರಿತ್ರೆ



ಚರಿತ್ರೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಕೋಟೆಗಳು ಮತ್ತು ಯುದ್ಧಗಳು. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ, ಶಿರಾದ ಜುಮ್ಮಾ ಮಸೀದಿ ಇವುಗಳ ಬಗ್ಗೆ ನೀವು ಓದಿದ್ದೀರಿ, ಪ್ರವಾಸ ಹೋದಾಗ ನೋಡಿಯೂ ಇದ್ದೀರಿ. ಆದರೆ ಆ ಕೋಟೆಯಲ್ಲಿದ್ದ ಸಿಪಾಯಿ ಎಲ್ಲಿಯ ನೀರು ಕುಡಿದ? ಆ ಮಸೀದಿಗೆ ಬಂದವರು ಯಾವ ನೀರಿನಲ್ಲಿ ವುಜೂ ಮಾಡಿದರು? ಊರಿಗೆ ಅನ್ನ ಹಾಕಿದ ರೈತ ಹೊಲಕ್ಕೆ ನೀರನ್ನು ಎಲ್ಲಿಂದ ತಂದ? ಈ ಪ್ರಶ್ನೆಗಳನ್ನು ನಾವು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಅದಕ್ಕಾಗಿಯೇ ಈ ಲೇಖನದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ನೀರಿನ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಚರಿತ್ರೆಯಲ್ಲಿ ಒಂದು ಮುಖ್ಯ ಮಾತಿದೆ. ನೆಲದ ಮೇಲೆ ಹರಿಯುವ ನೀರು, ನೆಲದ ಒಳಗಿರುವ ನೀರು ಎಂದು ನಾವು ಎರಡಾಗಿ ಹೇಳುತ್ತೇವೆ. ವಾಸ್ತವವಾಗಿ ಅವು ಎರಡಲ್ಲ, ಒಂದೇ. ನಮ್ಮ ಹಿರಿಯರಿಗೆ ಇದು ಅನುಭವದಿಂದ ಗೊತ್ತಿತ್ತು. ನಡುವೆ ಐವತ್ತು ವರ್ಷ ನಾವು ಅದನ್ನು ಮರೆತೆವು. ಮರೆತದ್ದಕ್ಕೆ ಬೆಲೆಯನ್ನೂ ಕೊಟ್ಟೆವು.

ಭೂಮಿಯ ಕಣ್ಣು

ಉರ್ದುವಿನಲ್ಲಿ ‘ಚಶ್ಮಾ’ ಎಂದರೆ ಕನ್ನಡಕ ಎಂದು ನಿಮಗೆಲ್ಲ ಗೊತ್ತು. ಅದೇ ಪದಕ್ಕೆ ನೀರಿನ ಒರತೆ ಎಂಬ ಅರ್ಥವೂ ಇದೆ. ಫಾರಸಿಯ ‘ಚಶ್ಮ್’ ಎಂದರೆ ಕಣ್ಣು. ಅರಬ್ಬಿಯ ‘ಐನ್’ ಎಂಬ ಪದಕ್ಕೂ ಕಣ್ಣು, ಒರತೆ ಎಂಬ ಎರಡೂ ಅರ್ಥಗಳಿವೆ. ನಮ್ಮ ಕನ್ನಡದಲ್ಲಿಯೂ ಬಾವಿ ತೋಡುವವರು ‘ಜಲದ ಕಣ್ಣು ಸಿಕ್ಕಿತು’ ಎನ್ನುತ್ತಾರೆ. ಭಾಷೆ ಬೇರೆಯಾದರೂ ಮನುಷ್ಯ ಕಂಡದ್ದು ಒಂದೇ: ಭೂಮಿ ಕಣ್ಣು ತೆರೆದಲ್ಲಿ ನೀರು.

ನಮ್ಮ ಸೀಮೆಯಲ್ಲಿ ಇಂತಹ ಕಣ್ಣಿಗೆ ‘ತಲಪರಿಗೆ’ ಎಂಬ ಹೆಸರಿದೆ. ಬಿ. ಎಲ್. ರೈಸ್ ಅವರು ಸಿದ್ಧಪಡಿಸಿ, 1897ರಲ್ಲಿ ಪರಿಷ್ಕೃತ ರೂಪದಲ್ಲಿ ಪ್ರಕಟವಾದ ಮೈಸೂರು ಗೆಜೆಟಿಯರ್‌ನಲ್ಲಿ ಈ ತಲಪರಿಗೆಗಳ ಉಲ್ಲೇಖವಿದೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನವರೆಗೆ ಒಂದು ಗೆರೆ ಎಳೆದರೆ, ಅದರ ಪೂರ್ವಕ್ಕೆ ಬರುವ ಗಡಿ ಪ್ರದೇಶವೆಲ್ಲ ತಲಪರಿಗೆಗಳ ಸೀಮೆ ಎಂದು ಅವರು ಗುರುತಿಸಿದ್ದಾರೆ. ದಕ್ಷಿಣ ಭಾಗದಲ್ಲಿ ಮರಳು ನೆಲವನ್ನು ಸ್ವಲ್ಪ ತೋಡಿದರೆ ಸಾಕು, ನೀರು ಮೇಲಕ್ಕೆ ಬರುತ್ತಿತ್ತು. ಉತ್ತರಕ್ಕೆ ಹೋದಂತೆ ನೀರು ಕಡಿಮೆ. ಪಾವಗಡದಲ್ಲಿ ಮೆತ್ತನೆಯ ರಂಧ್ರಮಯ ಕಲ್ಲನ್ನು ಕಡಿದು ನೀರು ಕಾಣಬೇಕಾಗಿತ್ತು. ಹೀಗೆ ಕಂಡ ನೀರನ್ನು ಕಿರುಗಾಲುವೆಯ ಮೂಲಕ ಹೊಲಕ್ಕೆ ಹರಿಸುತ್ತಿದ್ದರು, ಇಲ್ಲವೇ ಬಾವಿ ಕಟ್ಟಿ ಎತ್ತುಗಳ ಸಹಾಯದಿಂದ ಕಪಿಲೆ ಹೊಡೆಯುತ್ತಿದ್ದರು.

ಹೊಳೆಯ ದಡದಲ್ಲಿ, ಕೆರೆಯ ಅಂಗಳದಲ್ಲಿ, ಏರಿಯ ಕೆಳಗೆ ತಲಪರಿಗೆಗಳಿರುತ್ತಿದ್ದವು. ವರ್ಷಕ್ಕೊಮ್ಮೆ ಊರವರು ಸೇರಿ ಹೂಳು ತೆಗೆಯುತ್ತಿದ್ದರು. ನೀರನ್ನು ಸರದಿಯ ಪ್ರಕಾರ ಹಂಚಿಕೊಳ್ಳುತ್ತಿದ್ದರು. ಕೆರೆ ಒಣಗಿದ ಮೇಲೂ ಜನರಿಗೆ ಮತ್ತು ದನಕರುಗಳಿಗೆ ಆಸರೆಯಾಗುತ್ತಿದ್ದುದು ಇದೇ ನೀರು.

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವಾಗ ನೀವು ನಾಮದ ಚಿಲುಮೆಯನ್ನು ನೋಡಿರಬಹುದು. ಬಂಡೆಯ ನಡುವಿನಿಂದ ಬರುವ ಆ ನೀರು ಇದೇ ಮಾತಿಗೆ ಸಾಕ್ಷಿ. ಅದೇ ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ ಮತ್ತು ಜಯಮಂಗಲಿ ಎಂಬ ಎರಡು ನದಿಗಳು ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ದಾಟಿ ಆಂಧ್ರದ ಪರಿಗಿ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಪಾಲು ಕಾಲ ಈ ನದಿಯಲ್ಲಿ ಕಾಣುವುದು ಮರಳು ಮಾತ್ರ. ಆದರೆ ಮರಳಿನ ಕೆಳಗೂ ನದಿ ಇರುತ್ತದೆ ಎಂಬುದನ್ನು ನಾವು ಮರೆಯಬಾರದು.

ಒಣ ಸೀಮೆಯಲ್ಲಿ ಒಂದು ರಾಜಧಾನಿ

ಈಗ ಶಿರಾಕ್ಕೆ ಬರೋಣ. 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಈ ಪ್ರದೇಶವನ್ನು ಗೆದ್ದನು. ನಂತರ ಇಲ್ಲಿ ಆಡಳಿತ ನಡೆಸಿದ ಮಲಿಕ್ ರಿಹಾನನ ಸಮಾಧಿ ಇಂದಿಗೂ ಶಿರಾದಲ್ಲಿದೆ. 1687ರಲ್ಲಿ ಮೊಘಲರು ಶಿರಾವನ್ನು ಒಂದು ಸುಬಾದ ರಾಜಧಾನಿಯನ್ನಾಗಿ ಮಾಡಿದರು. ಜುಮ್ಮಾ ಮಸೀದಿ 1696ರದು. ದಿಲಾವರ್ ಖಾನನ ಕಾಲದಲ್ಲಿ ಶಿರಾ ವೈಭವದ ಶಿಖರದಲ್ಲಿತ್ತು. ಇಲ್ಲಿದ್ದ ಖಾನ್ ಬಾಗ್ ಎಂಬ ಉದ್ಯಾನವನ್ನು ನೋಡಿಯೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗ್ ಮಾಡುವ ಆಲೋಚನೆ ಬಂತು ಎಂಬ ಮಾತಿದೆ.

ಸ್ವಲ್ಪ ಯೋಚಿಸಿ. ನಮ್ಮ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550ರಿಂದ 700 ಮಿಲಿಮೀಟರ್. ಇಂತಹ ಕಡೆ ಒಂದು ರಾಜಧಾನಿ, ಅದಕ್ಕೊಂದು ಸೈನ್ಯ, ಅದಕ್ಕೊಂದು ಉದ್ಯಾನ! ಕೆರೆಯಲ್ಲಿ ನೀರು, ಕೈಗೆಟುಕುವ ಆಳದಲ್ಲಿ ಬಾವಿಯ ನೀರು ಇವೆರಡೂ ಇಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ.

ಒಳಗಿನ ನೀರನ್ನು ಅರಿತು ಬಳಸುವ ವಿದ್ಯೆ ಅಂದಿನ ಲೋಕದಲ್ಲಿ ಸಾಕಷ್ಟು ಬೆಳೆದಿತ್ತು. ಅಲ್ ಕರಜಿ ಎಂಬ ಗಣಿತಜ್ಞನು ಕ್ರಿ.ಶ. 1017ರ ಸುಮಾರಿಗೆ ಅಡಗಿರುವ ನೀರನ್ನು ಹೊರತರುವ ಬಗ್ಗೆಯೇ ಒಂದು ಗ್ರಂಥ ಬರೆದನು. ನಮ್ಮ ಬೀದರಿನ ನೌಬಾದ್‌ನಲ್ಲಿರುವ, ಬಹಮನಿಗಳ ಕಾಲದ ಕಾರೇಜ್ ಅದೇ ವಿದ್ಯೆಯ ಫಲ. ನೆಲದೊಳಗೆ ಸುರಂಗ ಕೊರೆದು, ಎತ್ತಿನ ಬಲವಿಲ್ಲದೆ, ಇಳಿಜಾರಿನಿಂದಲೇ ಅಂತರ್ಜಲವನ್ನು ಊರಿಗೆ ಹರಿಸಿದರು. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಕಾರೇಜ್ ಆಗಲಿ, ತಲಪರಿಗೆಯಾಗಲಿ, ಎರಡಕ್ಕೂ ಒಂದು ಗುಣವಿದೆ: ಭೂಮಿ ತಾನಾಗಿ ಕೊಟ್ಟಷ್ಟನ್ನೇ ಅವು ತೆಗೆದುಕೊಳ್ಳುತ್ತವೆ.

ಮೇಲಿನ ನೀರು, ಒಳಗಿನ ನೀರು

ಇನ್ನು ವಿಜ್ಞಾನದ ಮಾತು. ನಮ್ಮ ಕಾಲ ಕೆಳಗಿರುವುದು ಗಟ್ಟಿ ಶಿಲೆ. ಹಳೆಯ ನೈಸ್ ಶಿಲೆ ಒಂದು ಕಡೆಯಾದರೆ, ರಾಮನಗರದಿಂದ ಉತ್ತರಕ್ಕೆ ಹಬ್ಬಿದ ‘ಕ್ಲೋಸ್‌ಪೇಟೆ’ ಗ್ರಾನೈಟ್ ಪಟ್ಟಿ ನಮ್ಮ ಮಧುಗಿರಿ, ಪಾವಗಡದ ಬೆಟ್ಟಗಳಾಗಿ ಎದ್ದು ನಿಂತಿದೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಗ್ರಾನೈಟ್ ಕಲ್ಲು ನೀರು ಹೀರುವುದಿಲ್ಲ. ಅದರ ಮೇಲೆ ಶಿಥಿಲವಾಗಿ ಪುಡಿಯಾದ ಒಂದು ಪದರವಿರುತ್ತದೆ. ಅದರ ಕೆಳಗೆ ಬಿರುಕುಗಳಿರುತ್ತವೆ. ನಮ್ಮ ಅಂತರ್ಜಲ ಇರುವುದು ಇಷ್ಟರಲ್ಲಿಯೇ.

ಒಂದು ಸಣ್ಣ ಲೆಕ್ಕ ಮಾಡೋಣ. ಬೀಳುವ ಮಳೆಯಲ್ಲಿ ಸುಮಾರು ಹತ್ತನೇ ಒಂದು ಪಾಲು ಇಂತಹ ನೆಲದೊಳಗೆ ಇಂಗುತ್ತದೆ ಎಂದಿಟ್ಟುಕೊಳ್ಳಿ. 600 ಮಿಲಿಮೀಟರ್ ಮಳೆಯಲ್ಲಿ 60 ಮಿಲಿಮೀಟರ್ ಒಳಗೆ ಹೋಯಿತು. ಶಿಥಿಲ ಶಿಲೆ ತನ್ನ ಗಾತ್ರದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ನೀರನ್ನು ಮಾತ್ರ ಬಿಟ್ಟುಕೊಡಬಲ್ಲದು. ಹಾಗಾದರೆ ಆ 60 ಮಿಲಿಮೀಟರ್ ನೀರಿನಿಂದ ಬಾವಿಯ ಮಟ್ಟ ಸುಮಾರು ಎರಡು ಮೀಟರ್ ಏರುತ್ತದೆ. ಕೇಳಲು ಸಂತೋಷವಾಗುತ್ತದೆ. ಇದನ್ನೇ ತಿರುಗಿಸಿ ನೋಡಿ: ಒಂದು ಹೆಕ್ಟೇರ್ ಜಮೀನಿನ ಕೆಳಗಿನಿಂದ ಮೂರು ಲಕ್ಷ ಲೀಟರ್ ನೀರೆತ್ತಿದರೆ ಮಟ್ಟ ಒಂದು ಮೀಟರ್ ಕುಸಿಯುತ್ತದೆ. ಅಂದರೆ ನಮ್ಮದು ಬೇಗ ತುಂಬುವ, ಬೇಗ ಬರಿದಾಗುವ ಸಣ್ಣ ಪಾತ್ರೆ.

ಮರಳಿನ ಗುಣ ಬೇರೆ. ಹೊಳೆಯ ಮರಳು ತನ್ನ ಗಾತ್ರದಲ್ಲಿ ನೂರಕ್ಕೆ ಹದಿನೈದು ಪಾಲಿಗಿಂತ ಹೆಚ್ಚು ನೀರನ್ನು ಹಿಡಿದು ಕೊಡಬಲ್ಲದು. ಶಿಲೆಗಿಂತ ಐದು ಪಟ್ಟು! ಮಳೆಗಾಲದಲ್ಲಿ ಜಯಮಂಗಲಿ ಹರಿದಾಗ ಮರಳು ನೀರು ಕುಡಿಯುತ್ತದೆ, ಅಕ್ಕಪಕ್ಕದ ಬಾವಿಗಳಿಗೆ ಉಣಿಸುತ್ತದೆ. ಹೊಳೆ ನಿಂತ ಮೇಲೆ ಒಳಗಿನ ನೀರಿನ ಮಟ್ಟ ಹೊಳೆಯ ತಳಕ್ಕಿಂತ ಎತ್ತರದಲ್ಲಿದ್ದರೆ ನೀರು ಮರಳಿ ಹೊಳೆಗೆ ಬರುತ್ತದೆ. ಆಗ ಒರತೆ, ತಲಪರಿಗೆ ಜೀವಂತವಾಗಿರುತ್ತವೆ. ಒಳಗಿನ ಮಟ್ಟ ತಳಕ್ಕಿಂತ ಕೆಳಗಿಳಿದರೆ ಹೊಳೆಯೇ ತನ್ನ ನೀರನ್ನು ಕಳೆದುಕೊಳ್ಳುತ್ತದೆ. ಒಂದೇ ಹೊಳೆ, ಒಂದು ಕಾಲದಲ್ಲಿ ಕೊಡುತ್ತದೆ, ಇನ್ನೊಂದು ಕಾಲದಲ್ಲಿ ಪಡೆಯುತ್ತದೆ.

ಕೆರೆಯೂ ಹಾಗೆಯೇ. ಕೆರೆಯ ತಳದಿಂದ ದಿನಕ್ಕೆ ಸರಾಸರಿ 1.4 ಮಿಲಿಮೀಟರ್ ನೀರು ಇಂಗುತ್ತದೆ ಎಂದು ಅಂತರ್ಜಲ ಲೆಕ್ಕ ಹಾಕುವವರು ಇಟ್ಟುಕೊಳ್ಳುತ್ತಾರೆ. ಐವತ್ತು ಹೆಕ್ಟೇರ್ ವಿಸ್ತಾರದ ಕೆರೆಯಲ್ಲಿ ನೂರು ದಿನ ನೀರು ನಿಂತರೆ ಏಳು ಕೋಟಿ ಲೀಟರ್ ನೀರು ಭೂಮಿಗೆ ಸೇರುತ್ತದೆ. ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯದಿದ್ದರೂ ಕೆರೆ ಸುಮ್ಮನೆ ಇರುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೊಳವೆಬಾವಿಯ ಕಾಲ

ನಮ್ಮ ದಾದಾ ಅವರ ಹೊಲದಲ್ಲಿ ಮೆಟ್ಟಿಲುಗಳಿದ್ದ ಒಂದು ಕಲ್ಲುಕಟ್ಟಡದ ಬಾವಿ ಇದೆ. ದಾದಾ ಓದಿದವರಲ್ಲ. ಆದರೆ ಪ್ರತಿ ಬೇಸಿಗೆಯಲ್ಲೂ ‘ಈ ಸಲ ಒಂಬತ್ತು ಮೆಟ್ಟಿಲು ಕಂಡಿದೆ’, ‘ಈ ಸಲ ಹನ್ನೊಂದು ಕಂಡಿದೆ’ ಎಂದು ಹೇಳುತ್ತಿದ್ದರು. ಅದರ ಮೇಲೆ ಎಷ್ಟು ಜಮೀನಿಗೆ ಶೇಂಗಾ, ಎಷ್ಟಕ್ಕೆ ರಾಗಿ ಎಂದು ನಿರ್ಧಾರವಾಗುತ್ತಿತ್ತು. ಮೆಟ್ಟಿಲೇ ಅವರ ಅಳತೆಗೋಲು.

ನಾನು ಪ್ರೌಢಶಾಲೆಗೆ ಹೋಗುವ ಹೊತ್ತಿಗೆ ಎಲ್ಲ ಮೆಟ್ಟಿಲುಗಳೂ ಕಾಣುತ್ತಿದ್ದವು. ನಂತರ ಅಬ್ಬಾ ಕೊಳವೆಬಾವಿ ಕೊರೆಸಿದರು. ಮೊದಲನೆಯದರಲ್ಲಿ ನೀರು ಬಂತು, ಕೆಲವು ವರ್ಷಗಳ ನಂತರ ನಿಂತಿತು. ಎರಡನೆಯದರಲ್ಲಿ ಧೂಳು ಮಾತ್ರ ಬಂತು. ಮೂರನೆಯದನ್ನು ಸಾಲ ಮಾಡಿ ಕೊರೆಸಿದರು. ಇದು ನಮ್ಮ ಮನೆಯೊಂದರ ಕಥೆಯಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲಿಯೂ ಇದೇ ನಡೆದಿರಬೇಕು.

ಕಪಿಲೆ ಹೊಡೆಯುವಾಗ ಎತ್ತಿಗೆ ದಣಿವಾಗುತ್ತಿತ್ತು, ಬಾವಿಗೆ ವಿಶ್ರಾಂತಿ ಸಿಗುತ್ತಿತ್ತು. ಮೋಟಾರಿಗೆ ದಣಿವಿಲ್ಲ. ಗಟ್ಟಿ ಶಿಲೆಯನ್ನು ಕೊರೆಯುವ ಯಂತ್ರಗಳು ಬಂದ ಮೇಲೆ ನಾವು ಮೇಲಿನ ಪದರವನ್ನು ಬರಿದು ಮಾಡಿ ಕೆಳಗಿನ ಬಿರುಕುಗಳಿಗೆ ಇಳಿದೆವು. ಒಳಮಟ್ಟ ಕುಸಿಯಿತು. ಮೊದಲು ಸತ್ತದ್ದು ತಲಪರಿಗೆ, ನಂತರ ತೆರೆದ ಬಾವಿ, ನಂತರ ಹೊಳೆ. ಹೊಳೆಯ ಮರಳನ್ನೂ ಲಾರಿಗಳಲ್ಲಿ ಸಾಗಿಸಿದಾಗ ನೀರಿನ ಪಾತ್ರೆಯೇ ಊರು ಬಿಟ್ಟು ಹೋಯಿತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ನಂದಿ ಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಒಂದು ಕಾಲದಲ್ಲಿ ಬೆಂಗಳೂರಿಗೆ ನೀರು ಕೊಡುತ್ತಿತ್ತು. ಅಲ್ಲಿಗೆ ಬರುವ ನೀರು ಏಕೆ ಕಡಿಮೆಯಾಯಿತು ಎಂದು ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿದರು. 2015ರಲ್ಲಿ ಪ್ರಕಟವಾದ ಅವರ ಅಭಿಪ್ರಾಯದಂತೆ ಇದಕ್ಕೆ ಮಳೆ ಕಡಿಮೆಯಾದದ್ದು ಕಾರಣವಲ್ಲ. ಅಂತರ್ಜಲವನ್ನು ಅತಿಯಾಗಿ ಎತ್ತಿದ್ದು, ನೀಲಗಿರಿ ತೋಪುಗಳು ಹೆಚ್ಚಿದ್ದು ಮುಖ್ಯ ಕಾರಣಗಳು. ಬಾವಿಯಲ್ಲಿ ತೆಗೆದ ನೀರು ಹೊಳೆಯಲ್ಲಿ ಕಡಿಮೆಯಾಯಿತು.

ಆಳಕ್ಕೆ ಹೋದ ನೀರಿನಲ್ಲಿ ಮತ್ತೊಂದು ಅಪಾಯವಿದೆ. ಗ್ರಾನೈಟ್ ಶಿಲೆಯ ಖನಿಜಗಳಲ್ಲಿ ಫ್ಲೋರೈಡ್ ಇದೆ. ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದ ನೀರಿನಲ್ಲಿ ಅದು ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದಿದ್ದಾಗ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಪಾವಗಡದ ಅನೇಕ ಹಳ್ಳಿಗಳ ನೀರು ಇದನ್ನು ಮೀರಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ಹಿರಿಯರ ಬಾಗಿದ ಮೂಳೆಗಳು ಇದರ ಫಲ. ತರಗತಿಯಲ್ಲಿ ಬಾಯಿ ಮುಚ್ಚಿಕೊಂಡು ನಗುವ ಮಕ್ಕಳನ್ನು ನಾನು ಕಂಡಿದ್ದೇನೆ. ನೀರಿನ ಚರಿತ್ರೆ ಮಕ್ಕಳ ಮುಖದ ಮೇಲೆ ಬರೆಯಲ್ಪಡುವುದು ಹೀಗೆ.

ಅದೇ ಪಾವಗಡದ ತಿರುಮಣಿಯಲ್ಲಿ 2018ರಿಂದ ಸೌರ ವಿದ್ಯುತ್ ಪಾರ್ಕ್ ನಡೆಯುತ್ತಿದೆ. ಸುಮಾರು 13,000 ಎಕರೆ ಜಮೀನು, 2,050 ಮೆಗಾವ್ಯಾಟ್ ಸಾಮರ್ಥ್ಯ. ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ನೀರಿಲ್ಲದ ನೆಲದಲ್ಲಿ ಬಿಸಿಲು ಬೆಳೆಯಾಯಿತು.

ಪ್ರಕೃತಿ ಕಲಿಸಿದ ಪಾಠ

2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಭಾರಿ ಮಳೆಯಾದದ್ದು ನಿಮಗೆ ನೆನಪಿರಬಹುದು. ಜಯಮಂಗಲಿ ಉಕ್ಕಿ ಹರಿಯಿತು. ಕೆರೆಗಳು ಕೋಡಿ ಬಿದ್ದವು. ಒಂದು ಮುಂಜಾನೆ ಅಬ್ಬಾ ಫೋನ್ ಮಾಡಿ ‘ಬಾವಿಗೆ ನೀರು ಬಂದಿದೆ, ಬಂದು ನೋಡು’ ಎಂದರು. ಹೋಗಿ ನೋಡಿದೆ. ದಾದಾ ಅವರ ಬಾವಿಯಲ್ಲಿ ಏಳು ಮೆಟ್ಟಿಲು ಮಾತ್ರ ಕಾಣುತ್ತಿದ್ದವು! ಅದನ್ನು ನೋಡಲು ದಾದಾ ಇರಲಿಲ್ಲ. ಹೂಳು ತುಂಬಿದ್ದ ತಲಪರಿಗೆಗಳಲ್ಲಿಯೂ ನೀರು ಜಿನುಗಿತು. ಸತ್ತಿವೆ ಎಂದು ನಾವು ತಿಳಿದಿದ್ದವು ಸತ್ತಿರಲಿಲ್ಲ, ಕಾಯುತ್ತಿದ್ದವು.

ಮರುವರ್ಷ ಏನಾಯಿತು? 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆದರೂ ನಮ್ಮ ಬಾವಿಯಲ್ಲಿ ಸ್ವಲ್ಪ ನೀರು ಉಳಿದಿತ್ತು. ಹಿಂದಿನ ವರ್ಷದ ಪ್ರವಾಹ ಈ ವರ್ಷದ ಬರಕ್ಕೆ ಬುತ್ತಿಯಾಗಿತ್ತು. ಮೇಲಿನ ನೀರನ್ನು ಒಳಗಿಟ್ಟು ಕಾಯುವುದೆಂದರೆ ಇದೇ.

ನೀರಿನ ಲೆಕ್ಕ

ಹಣಕ್ಕೆ ಲೆಕ್ಕವಿದ್ದಂತೆ ನೀರಿಗೂ ಲೆಕ್ಕ ಬೇಕು. ಈ ಅರಿವು ಹೊಸದಲ್ಲ. ಕೈರೋದ ರೋಡಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ಕಟ್ಟಿದ ಅಳತೆಯ ಕಂಬ ಇಂದಿಗೂ ಇದೆ. ನೈಲ್ ನದಿ ಆ ಕಂಬದ ಮೇಲೆ ಎಷ್ಟು ಏರಿತು ಎಂಬುದನ್ನು ನೋಡಿ ಆ ವರ್ಷದ ಬೆಳೆ ಮತ್ತು ಕಂದಾಯವನ್ನು ಅಂದಾಜು ಮಾಡುತ್ತಿದ್ದರು. ದಾದಾ ಅವರ ಮೆಟ್ಟಿಲಿನ ಲೆಕ್ಕವೂ ಅದೇ ಜಾತಿಯದು.

ನಮ್ಮ ದೇಶದಲ್ಲಿ ಕೇಂದ್ರ ಅಂತರ್ಜಲ ಮಂಡಳಿ 1970ರಲ್ಲಿ ಸ್ಥಾಪನೆಯಾಯಿತು. ಮಂಡಳಿಯವರು ಗೊತ್ತುಪಡಿಸಿದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ, ಅಂದರೆ ಜನವರಿ, ಬೇಸಿಗೆ, ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳಲ್ಲಿ ನೀರಿನ ಮಟ್ಟವನ್ನು ಅಳೆಯುತ್ತಾರೆ. ಬೇಸಿಗೆಯ ಅಳತೆಗೂ ನವೆಂಬರ್ ಅಳತೆಗೂ ಇರುವ ವ್ಯತ್ಯಾಸವೇ ಮಳೆ ನಮಗೆ ಕೊಟ್ಟ ಆದಾಯ. 1995ರಲ್ಲಿ ಆರಂಭವಾದ ಹೈಡ್ರಾಲಜಿ ಯೋಜನೆಯಲ್ಲಿ ಕರ್ನಾಟಕವೂ ಸೇರಿತ್ತು. ನೀರೆತ್ತಲು ಅಲ್ಲ, ಅಳೆಯಲು ಮಾತ್ರ ಕೊರೆದ ಬಾವಿಗಳಿಗೆ ಪೀಜೋಮೀಟರ್ ಎಂದು ಹೆಸರು. ಈಗ ಕೆಲವು ಬಾವಿಗಳಲ್ಲಿ ತಾವಾಗಿಯೇ ಮಟ್ಟವನ್ನು ದಾಖಲಿಸಿ ಕಳುಹಿಸುವ ಉಪಕರಣಗಳಿವೆ. ಮೇಲಿನ ಮಳೆಯ ಲೆಕ್ಕವನ್ನು 1988ರಲ್ಲಿ ಬರ ಪರಿವೀಕ್ಷಣಾ ಘಟಕವಾಗಿ ಹುಟ್ಟಿದ ಸಂಸ್ಥೆ, ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಇಡುತ್ತದೆ.

ಈ ಲೆಕ್ಕಗಳ ಆಧಾರದ ಮೇಲೆ ತಾಲ್ಲೂಕುಗಳಿಗೆ ದರ್ಜೆ ಕೊಡಲಾಗುತ್ತದೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇಕಡ 70ರವರೆಗೆ ತೆಗೆದರೆ ಸುರಕ್ಷಿತ. 70ರಿಂದ 90 ಅರೆ ಗಂಭೀರ. 90ರಿಂದ 100 ಗಂಭೀರ. ನೂರನ್ನು ಮೀರಿದರೆ ಅತಿಬಳಕೆ. ಸಂಬಳಕ್ಕಿಂತ ಖರ್ಚು ಹೆಚ್ಚಾದ ಮನೆಯಂತೆ. ಕೊರಟಗೆರೆ, ಮಧುಗಿರಿ, ಶಿರಾ ತಾಲ್ಲೂಕುಗಳು ಈ ಅತಿಬಳಕೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ.

ಕಾನೂನುಗಳೂ ಬಂದಿವೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದು ಎಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ. ಹಳೆಯ ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಇದನ್ನೇ ‘ಹರೀಮ್’ ಎಂದು ಕರೆದರು. ಒಬ್ಬರ ಬಾವಿಯ ನೀರನ್ನು ಇನ್ನೊಬ್ಬರ ಬಾವಿ ಎಳೆದುಕೊಳ್ಳದಂತೆ ಸುತ್ತ ಬಿಡಬೇಕಾದ ಜಾಗವದು. ನೆಲದೊಳಗೆ ಬೇಲಿ ಇಲ್ಲ ಎಂಬ ತಿಳಿವಳಿಕೆ ಎರಡರಲ್ಲೂ ಇದೆ. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಸಲು ಅನುಮತಿ ಪಡೆಯಬೇಕೆಂಬ ಅಂತರ್ಜಲ ಕಾಯ್ದೆ 2011ರದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜನರೇ ನೀರಿನ ಆಯವ್ಯಯ ಬರೆಯಬೇಕೆಂಬ ಉದ್ದೇಶದ ಅಟಲ್ ಭೂಜಲ ಯೋಜನೆ 2019ರ ಡಿಸೆಂಬರ್ 25ರಂದು ಆರಂಭವಾಯಿತು.

ಹೊರಗಿನ ನೀರನ್ನು ತರುವ ಪ್ರಯತ್ನಗಳೂ ನಡೆದಿವೆ. ಶಿರಾದ ಕಡೆಗೆ ಹೇಮಾವತಿ, ಪಾವಗಡಕ್ಕೆ ತುಂಗಭದ್ರಾ ಹಿನ್ನೀರು. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಉದ್ಘಾಟನೆಯಾಯಿತು. ಇವು ಬರಲಿ, ಬೇಗ ಬರಲಿ. ಆದರೆ ಹೊರಗಿನಿಂದ ಬಂದ ನೀರು ಹೂಳು ತುಂಬಿದ ಕೆರೆಗೆ, ಮರಳಿಲ್ಲದ ಹೊಳೆಗೆ ಬಂದರೆ ಎಷ್ಟು ದಿನ ನಿಂತೀತು?

ನಿಮ್ಮಿಂದ ಒಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ಸರ್ಕಾರದ ಅಳತೆಯ ಬಾವಿಗಳು ಒಂದು ತಾಲ್ಲೂಕಿಗೆ ಕೆಲವೇ ಇರುತ್ತವೆ. ನಿಮ್ಮ ಊರಿನ ಬಾವಿ ಅದರಲ್ಲಿ ಇರಲಾರದು. ಆದ್ದರಿಂದ ನೀವೇ ಅಳೆಯಿರಿ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಾವಿಕಟ್ಟೆಯ ಮೇಲೆ ಒಂದು ಗುರುತು ಹಾಕಿ. ಉದ್ದನೆಯ ಟೇಪಿನ ತುದಿಗೆ ಭಾರ ಕಟ್ಟಿ ನೀರು ಮುಟ್ಟುವವರೆಗೆ ಬಿಡಿ. ಬಂದ ಅಳತೆಯಲ್ಲಿ ಕಟ್ಟೆಯ ಎತ್ತರವನ್ನು ಕಳೆಯಿರಿ. ಪ್ರತಿ ತಿಂಗಳು ಒಂದೇ ದಿನ, ಮೋಟಾರು ನಿಂತಿರುವಾಗ, ಅದೇ ಗುರುತಿನಿಂದ ಅಳೆದು ತಾರೀಖಿನೊಡನೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ಆ ತಿಂಗಳ ಮಳೆ, ಕೆರೆಯಲ್ಲಿ ನೀರಿತ್ತೋ ಇಲ್ಲವೋ ಎಂಬುದನ್ನೂ ಬರೆಯಿರಿ. ಎರಡು ವರ್ಷ ಕಳೆದರೆ ಕೆರೆಗೂ ಬಾವಿಗೂ ಇರುವ ನಂಟನ್ನು ಯಾವ ಪುಸ್ತಕವೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಕೆಲಸ. ನಿಮ್ಮ ಊರಿನ ಹಿರಿಯರನ್ನು, ಯಾವ ಜಾತಿ ಧರ್ಮದವರೇ ಆಗಿರಲಿ, ‘ಇಲ್ಲಿ ತಲಪರಿಗೆ ಎಲ್ಲಿತ್ತು? ಯಾರ ಸರದಿ ಯಾವಾಗ ಬರುತ್ತಿತ್ತು?’ ಎಂದು ಕೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಇತ್ತೀಚಿನ ವರ್ಷಗಳಲ್ಲಿ ಉದ್ಯೋಗ ಖಾತರಿ ಕೆಲಸದಲ್ಲಿ ಕೆಲವು ತಲಪರಿಗೆಗಳ ಹೂಳು ತೆಗೆಯಲಾಗಿದೆ. ಆದರೆ ಎಲ್ಲಿತ್ತು ಎಂದು ತೋರಿಸುವವರೇ ಇಲ್ಲವಾದರೆ ತೆಗೆಯುವುದು ಎಲ್ಲಿ?

ಕಳೆದ ವರ್ಷ ನಮ್ಮ ಮನೆಯಲ್ಲಿಯೂ ಹಳೆಯ ಬಾವಿಯನ್ನು ಮುಚ್ಚಿಬಿಡೋಣ ಎಂಬ ಮಾತು ಬಂತು. ಮಕ್ಕಳು ಬಿದ್ದಾರು ಎಂಬ ಭಯ ಒಂದು ಕಡೆ, ಜಾಗ ಉಳಿಯುತ್ತದೆ ಎಂಬ ಆಸೆ ಇನ್ನೊಂದು ಕಡೆ. ಮೂರು ದಿನ ಮಾತುಕತೆ ನಡೆಯಿತು. ಕೊನೆಗೆ ಅಬ್ಬಾ ಅವರೇ ‘ಬೇಡ, ಸುತ್ತ ಗೋಡೆ ಕಟ್ಟಿಸೋಣ’ ಎಂದರು. ದಾದಾ ಎಣಿಸಿದ ಮೆಟ್ಟಿಲುಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ನನಗೆ ನೆನಪಿರುವುದು ಒಂಬತ್ತು, ಹನ್ನೊಂದು ಎಂಬ ಎರಡು ಸಂಖ್ಯೆಗಳು ಮಾತ್ರ, ಅವು ಯಾವ ವರ್ಷದವು ಎಂಬುದೂ ತಿಳಿಯದು. ಈಗ ನನ್ನ ಮಗಳು ಪ್ರತಿ ತಿಂಗಳ ಮೊದಲ ಭಾನುವಾರ ಆ ಮೆಟ್ಟಿಲುಗಳನ್ನು ಎಣಿಸಿ ಬರೆಯುತ್ತಾಳೆ. ಮುಂದಿನ ಸಂಚಿಕೆಯ ಹೊತ್ತಿಗೆ ನಿಮ್ಮ ಊರಿನ ಬಾವಿಯ ಲೆಕ್ಕವೂ ನನ್ನ ಕೈ ಸೇರಲಿ ಎಂದು ಹಾರೈಸುತ್ತೇನೆ.